ಈಶಪ್ಪನ ಉಪವಾಸ

ಈಶಪ್ಪ ಅನ್ನ ಬಿಟ್ಟು ಒಂಬತ್ತು ದಿನವಾಗಿತ್ತು. ಅವನ ಬಗ್ಗೆ ಗೂಳಪ್ಪ ಬರೆಯುತ್ತಿದ್ದ ಕರಪತ್ರ ಇದು ಮೂರನೆಯದು. ಕೋಗಿಲಬನದಲ್ಲಿ ಹೊಳೆವ್ವ ಎಂಬ ಮುದುಕಿಯ ಮನೆಯ ಹಿಂದೆ ಮೇವು ಒಟ್ಟುವ ಕೋಣೆಯೊಂದಿತ್ತು. ಅಲ್ಲಿ ಅಡಗಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯುತ್ತಿದ್ದ. ‘ಸಂಗಾತಿ ಈಶಪ್ಪನ ಉಪವಾಸಕ್ಕೆ ಇಂದು ಒಂಬತ್ತನೆಯ ದಿನ. ಇವರ ಕಾನೂನಿನ ಅನ್ನ ನಮಗೆ ಬೇಡ ಎಂದು ಅವನು ತಟ್ಟೆ ತಳ್ಳಿದ್ದಾನೆ.’ ಬರಹ ಚೆನ್ನಾಗಿ ಬಂದಿತ್ತು. ತನ್ನ ಬರಹ ಚೆನ್ನಾಗಿ ಬಂದಾಗ ಗೂಳಪ್ಪನಿಗೆ ಗೊತ್ತಾಗುತ್ತಿತ್ತು, ಅಂಥದ್ದನ್ನು ಅವನು ಎರಡು ಸಲ ಓದಿಕೊಳ್ಳುತ್ತಿದ್ದ.

ಅದು ಅರವತ್ತೆಂಟನೆಯ ಇಸವಿಯ ಡಿಸೆಂಬರ್. ಕಮ್ಯುನಿಸ್ಟ್ ಪಕ್ಷ ಒಡೆದು ಎರಡಾಗಿ ನಾಲ್ಕು ವರ್ಷ ಕಳೆದಿತ್ತು. ಆ ಎರಡರಲ್ಲೊಂದರಿಂದ ಸಿಟ್ಟು ಮಾಡಿಕೊಂಡು ಹೊರಬಿದ್ದವರ ಗುಂಪು ಗೂಳಪ್ಪನದು. ದಾಂಡೇಲಿಯಿಂದ ಮುಂಡಗೋಡದವರೆಗೆ ಹುಡುಕಿದರೂ ಹನ್ನೊಂದು ಜನ ಸಿಗುತ್ತಿದ್ದರು, ಅಷ್ಟೆ. ಜನ ಕಡಿಮೆಯಾದರೇನು, ಚುನಾವಣೆ, ಕೋರ್ಟು, ಅರ್ಜಿ, ಮನವಿ ಇವೆಲ್ಲ ಬಡವರ ಕಣ್ಣಿಗೆ ಕಟ್ಟುವ ಬಟ್ಟೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜೋಯಿಡಾದ ಕಾಡಿನಲ್ಲಿ ಬಿದಿರು ಕಡಿಯುವ ಕೂಲಿಕಾರರ ನಡುವೆ ಅವರ ಕೆಲಸ. ಕೂಲಿಕಾರರು ಗುತ್ತಿಗೆದಾರನ ಡಿಪೋದ ಮುಂದೆ ಲಾರಿಗಳನ್ನು ತಡೆದು ಕೂತ ಮೂರನೆಯ ಬೆಳಿಗ್ಗೆ ಪೊಲೀಸರು ಗೂಳಪ್ಪ ಮತ್ತು ಈಶಪ್ಪ ಮಲಗುತ್ತಿದ್ದ ಗುಡಿಸಲನ್ನು ಸುತ್ತುವರಿದರು. ಗೂಳಪ್ಪ ಹಿಂದಿನ ತಟ್ಟಿ ಕಿತ್ತು ಬಿದಿರುಮೆಳೆಗೆ ನುಗ್ಗಿದ. ಈಶಪ್ಪ ಸಿಕ್ಕಿಬಿದ್ದ. ಅವನನ್ನು ಮೊದಲು ಡಿಪೋದ ಹತ್ತಿರ ಹಾಕಿದ್ದ ಪೊಲೀಸ್ ಕ್ಯಾಂಪಿಗೆ, ಅಲ್ಲಿಂದ ಸಬ್‌ಜೈಲಿಗೆ ಒಯ್ದರು.

ಮೂರನೆಯ ದಿನ ಜೈಲಿನ ಕಾವಲುಗಾರನೊಬ್ಬ, ಇವರ ಕಡೆಗೆ ಸ್ವಲ್ಪ ಮರುಕವಿದ್ದವನು, ಈಶಪ್ಪ ಊಟ ಮುಟ್ಟುತ್ತಿಲ್ಲ, ಬರೀ ನೀರು ಕುಡಿಯುತ್ತಾನೆ ಎಂದು ಹೊರಗೆ ಸುದ್ದಿ ಮುಟ್ಟಿಸಿದ. ಯಾಕೆ ಎಂದು ಯಾರೂ ಕೇಳಲಿಲ್ಲ. ಕ್ರಾಂತಿಕಾರಿ ಜೈಲಿನಲ್ಲಿ ತಟ್ಟೆ ತಳ್ಳಿದರೆ ಯಾಕೆ ಎಂದು ಕೇಳುವುದುಂಟೇ? ಗೂಳಪ್ಪ ಅಂದೇ ಮೊದಲ ಕರಪತ್ರ ಬರೆದ. ಅದರ ಒಂದು ಪ್ರತಿಯನ್ನು ಮಡಚಿ ಆ ಕಾವಲುಗಾರ ಒಳಗೂ ಒಯ್ದು ಈಶಪ್ಪನ ಕೈಗೆ ಕೊಟ್ಟ. ಅದು ಗೊತ್ತಾಗಿ ಅವನನ್ನು ಆ ಜೈಲಿನಿಂದಲೇ ಎತ್ತಂಗಡಿ ಮಾಡಿದರು. ಆಮೇಲೆ ಒಳಗಿನ ಸುದ್ದಿ ಬರುವ ದಾರಿಯೇ ಇಲ್ಲವಾಯಿತು.

ದಾರಿ ಇದ್ದದ್ದು ಒಬ್ಬರಿಗೆ ಮಾತ್ರ, ಹಳಿಯಾಳದ ಚನಬಸಪ್ಪ ವಕೀಲರಿಗೆ. ಅವರು ನಾಗರಿಕ ಹಕ್ಕುಗಳ ಸಮಿತಿಯ ಕಾರ್ಯದರ್ಶಿ. ಧಾರವಾಡದ ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ಪ್ರೊಫೆಸರರು, ಒಬ್ಬ ಡಾಕ್ಟರು, ಮತ್ತು ಇವರು. ಇಷ್ಟು ಜನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲಾಠಿ ಬಿದ್ದಲ್ಲಿ ಎರಡು ದಿನ ತಡವಾಗಿ ಬಂದು, ಎರಡೂ ಕಡೆಯವರ ಮಾತು ಕೇಳಿಕೊಂಡು ವರದಿ ಬರೆಯುವವರು. ಹಾಗೆಂದು ಗೂಳಪ್ಪ ಹೇಳುತ್ತಿದ್ದ. ಅವರ ಹೆಸರು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ಮತ್ತು ಆ ಉರಿಗೆ ಒಂದು ಕಾರಣವಿತ್ತು.

ಎರಡು ವರ್ಷದ ಹಿಂದೆ ಮೌಳಂಗಿಯ ಕಡೆ ಅದೇ ಗುತ್ತಿಗೆದಾರನ ಕೂಲಿಕಾರರಿಗೂ ಪೊಲೀಸರಿಗೂ ಮಾರಾಮಾರಿಯಾಗಿ, ಸಮಿತಿ ಬಂದು ಹನ್ನೆರಡು ಪುಟದ ವರದಿ ಬರೆಯಿತು. ಪೊಲೀಸರ ಮೇಲೆ ಹನ್ನೊಂದೂವರೆ ಪುಟ. ಉಳಿದ ಅರ್ಧ ಪುಟದಲ್ಲಿ, ಮೊದಲ ಕಲ್ಲು ಕೂಲಿಕಾರರ ಕಡೆಯಿಂದಲೇ ಬಂತು ಎಂಬ ಒಂದು ವಾಕ್ಯ. ಸರಕಾರಿ ವಕೀಲ ಆ ಒಂದು ವಾಕ್ಯವನ್ನಷ್ಟೇ ಕೋರ್ಟಿನಲ್ಲಿ ಓದಿದ. ಮೂವರಿಗೆ ನಾಲ್ಕು ತಿಂಗಳು ಸಜೆಯಾಯಿತು, ಅವರಲ್ಲಿ ಈಶಪ್ಪ ಒಬ್ಬ. ಅಂದಿನಿಂದ ಗೂಳಪ್ಪ ಹೋದಲ್ಲೆಲ್ಲ ಸಮಿತಿಯವರ ಜನ್ಮ ಜಾಲಾಡುತ್ತಿದ್ದ. ಪೊಲೀಸರ ಲಾಠಿಯನ್ನೂ ಬಡವನ ಕಲ್ಲನ್ನೂ ಒಂದೇ ತಕ್ಕಡಿಯಲ್ಲಿ ಇಡುವವರು ಎನ್ನುತ್ತಿದ್ದ. ಅವನು ಹೇಳದೆ ಉಳಿಸಿದ್ದು ಒಂದೇ: ಆ ವಾಕ್ಯ ಸುಳ್ಳಾಗಿರಲಿಲ್ಲ. ಮೊದಲ ಕಲ್ಲು ಎಸೆದವನು ಅವನೇ. ಈಶಪ್ಪ ಪಕ್ಕದಲ್ಲೇ ನಿಂತು ನೋಡಿದ್ದ, ಕೋರ್ಟಿನಲ್ಲಿ ತುಟಿ ಬಿಚ್ಚಲಿಲ್ಲ, ನಾಲ್ಕು ತಿಂಗಳು ಮುಗಿಸಿ ಬಂದ ಮೇಲೂ ಆ ಮಾತು ಎತ್ತಲಿಲ್ಲ.

ಕರಪತ್ರ ಮುಗಿಯುವ ಹೊತ್ತಿಗೆ ತಟ್ಟಿ ಬಾಗಿಲು ಸರಿಸಿಕೊಂಡು ಸುಶೀಲವ್ವ ಒಳಗೆ ಬಂದಳು. ಈಶಪ್ಪನ ಹೆಂಡತಿ, ದಾಂಡೇಲಿಯ ಕಾಗದದ ಕಾರ್ಖಾನೆಯ ಕೆಲಸಗಾರರ ಚಾಳಿನಲ್ಲಿ ಅಣ್ಣನ ಮನೆಯಲ್ಲಿದ್ದವಳು. ಯಾರಾದರೂ ನೋಡಿದರೆ ಹೊಳೆಗೆ ಹೊರಟಂತೆ ಕಾಣಲೆಂದು ತಲೆಯ ಮೇಲೆ ಅರಿವೆಯ ಗಂಟು ಹೊತ್ತಿದ್ದಳು. ಗಂಟು ಇಳಿಸಿ, ಕೂರು ಎಂದರೂ ಕೂರದೆ, ತಾನು ನಿನ್ನೆ ಹಳಿಯಾಳಕ್ಕೆ ಹೋಗಿ ವಕೀಲರನ್ನು ಕಂಡು ಬಂದೆ ಎಂದು ನೆಟ್ಟಗೆ ಹೇಳಿಬಿಟ್ಟಳು.

ಗೂಳಪ್ಪನ ಮುಖ ಕೆಂಪಾಯಿತು. ಸಮಿತಿಯವರ ಹೊಸ್ತಿಲು ತುಳಿಯಬಾರದೆಂದು ಎಲ್ಲರಿಗೂ ಹೇಳಿಯಾಗಿತ್ತು, ಅವಳಿಗೂ ಹೇಳಿಯಾಗಿತ್ತು. ಅವನು ದನಿ ತಗ್ಗಿಸಿಯೇ ಬೈಯತೊಡಗಿದ. ಅವರಿಗೆ ಬೇಕಾದದ್ದು ಹೋರಾಟಗಾರನಲ್ಲ, ಕರುಣೆ ತೋರಿಸಲಿಕ್ಕೆ ಒಬ್ಬ ದೀನ. ಈಶಪ್ಪನಂಥವನ ಕೈಗೆ ಅವರು ಭಿಕ್ಷೆಯ ತಟ್ಟೆ ಕೊಡುತ್ತಾರೆ ಎಂದೆಲ್ಲ ಹೇಳಿದ. ಸುಶೀಲವ್ವ ಪೂರ್ತಿ ಕೇಳಿದಳು.

“ಮುಗೀತೇನಣ್ಣ ನಿಂದು?” ಎಂದಳು. “ವಕೀಲ್ರು ಶನಿವಾರ ಒಳಗ ಹೋಗಿ ನೋಡ್ಯಾರ. ಇವ್ರು ಅವ್ರ ಕೂಡ ಒಂದು ಮಾತೂ ಆಡಿಲ್ಲ. ಪಕ್ಷ ಬ್ಯಾಡಂದೈತೆಲ್ಲ, ಅದಕ್ಕ. ಆದ್ರ ನೀರು ಕುಡಿಯೂ ಮುಂದ ಕೈ ಎದಿಗೆ ಹೋಗತೈತಂತ, ಅಲ್ಲೇ ನಿಂದರತೈತಂತ. ಕೊಳ್ಳಾಗ ಏನೂ ಇಲ್ಲಂತ ಅಣ್ಣ. ಬರೇ ಕೊಳ್ಳು.”

ಗೂಳಪ್ಪನ ಕೈಯಲ್ಲಿದ್ದ ಉಕ್ಕಿನ ಮೊನೆ ಹಲಗೆಯ ಮೇಲೆ ಬಿತ್ತು. ಅವಳು ಮುಂದೆ ಹೇಳಿದ್ದೆಲ್ಲ ಅವನಿಗೆ ಹೇಳುವ ಮೊದಲೇ ತಿಳಿದುಹೋಗಿತ್ತು.

ಈಶಪ್ಪನ ಮನೆತನದಲ್ಲಿ ಕೊರಳಲ್ಲಿ ಲಿಂಗವಿಲ್ಲದೆ ತುತ್ತು ಎತ್ತುವ ಪದ್ಧತಿ ಇಲ್ಲ. ಬೆಳಿಗ್ಗೆ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಅನ್ನ. ಲಿಂಗ ಕಳೆದರೆ ಜಂಗಮರಾದ ಅಯ್ಯನವರ ಕೈಯಿಂದ ಇನ್ನೊಂದು ಪಡೆಯುವವರೆಗೆ ಉಪವಾಸ. ಗೂಳಪ್ಪನ ಮನೆತನವೂ ಅಂಥದ್ದೇ. ಆದರೆ ಏಳು ವರ್ಷದ ಹಿಂದೆ, ಪಕ್ಷಕ್ಕೆ ಸೇರಿದಾಗ, ಗೂಳಪ್ಪ ಮೌಳಂಗಿಯ ದಂಡೆಯಲ್ಲಿ ನಿಂತು ಹತ್ತು ಜನರ ಎದುರಿಗೆ ತನ್ನ ಲಿಂಗವನ್ನು ಕಾಳಿ ಹೊಳೆಗೆ ಬಿಟ್ಟಿದ್ದ, ಬಿಟ್ಟು ಅದರ ಮೇಲೊಂದು ಭಾಷಣವನ್ನೂ ಮಾಡಿದ್ದ. ಆ ಹತ್ತು ಜನರಲ್ಲಿ ಈಶಪ್ಪ ಇದ್ದ. ಅವನು ಬಿಡಲಿಲ್ಲ. ಚಪ್ಪಾಳೆ ತಟ್ಟಿದ, ಮತ್ತು ಅಂದಿನಿಂದ ತನ್ನದನ್ನು ಬನಿಯನ್ನಿನ ಒಳಗೆ ಮುಚ್ಚಿಟ್ಟುಕೊಂಡ.

ಕಾಡಿನ ಗುಡಿಸಲಿನಲ್ಲಿ ದಿನಾ ಬೆಳಕು ಹರಿಯುವ ಮೊದಲು ಈಶಪ್ಪ ಎದ್ದು, ಸಪ್ಪಳವಾಗದಂತೆ ಮುಖ ತೊಳೆದು, ಮೂಲೆಯಲ್ಲಿ ಕೂರುತ್ತಿದ್ದ. ಗೂಳಪ್ಪನಿಗೆ ಎಚ್ಚರವಾಗುತ್ತಿತ್ತು. ಅವನು ಗೋಡೆಯ ಕಡೆ ಹೊರಳಿ, ಉಸಿರು ನಿಧಾನ ಮಾಡಿ, ನಿದ್ದೆ ಬಂದವನಂತೆ ಬಿದ್ದುಕೊಳ್ಳುತ್ತಿದ್ದ. ಕಾರ್ಯಕರ್ತನೊಬ್ಬ ಹೀಗೆ ಮಾಡುವುದು ತಪ್ಪು, ಅದನ್ನು ಸಭೆಯಲ್ಲಿ ಎತ್ತಬೇಕು ಎಂದು ಅವನಿಗೆ ಗೊತ್ತಿತ್ತು. ಎತ್ತಲಿಲ್ಲ. ಈಶಪ್ಪನ ಮೇಲೆ ಅವನಿಗೆ ಅಷ್ಟು ಪ್ರೀತಿ ಇತ್ತು, ಆದರೆ ಅದನ್ನು ಪ್ರೀತಿ ಎಂದು ಕರೆಯದೆ ಹೊಂದಾಣಿಕೆ ಎಂದು ಕರೆದುಕೊಂಡು ಸುಮ್ಮನಿದ್ದ.

ಕ್ಯಾಂಪಿನಲ್ಲಿ ಆದದ್ದನ್ನು ವಕೀಲರು ಊಹಿಸಿದ್ದರು. ಕೈದಿ ಉರುಲು ಹಾಕಿಕೊಂಡಾನೆಂದು ಮೈಮೇಲಿನ ದಾರಗಳನ್ನೆಲ್ಲ ಕಳಚುತ್ತಾರೆ. ಉಡದಾರದ ಜೊತೆಗೆ ಶಿವದಾರವೂ ಹೋಗಿತ್ತು, ಅದರ ತುದಿಗಿದ್ದ, ಲಿಂಗವಿಡುವ ಬೆಳ್ಳಿ ಕರಡಿಗೆಯೂ ಹೋಗಿತ್ತು. ಯಾರ ಜೇಬಿಗೆ ಹೋಯಿತೋ, ಕೈದಿಯ ಸಾಮಾನಿನ ಪಟ್ಟಿಯಲ್ಲಿ ಮಾತ್ರ ಅಂಗಿ, ಧೋತರ, ಬೀಡಿಕಟ್ಟು ಅಷ್ಟೇ ಇದ್ದವು. ಮೊದಲೆರಡು ದಿನ ಈಶಪ್ಪ ಬಾಯಿ ಬಿಟ್ಟು ಕೇಳಿದ್ದಾನೋ ಏನೋ ಯಾರಿಗೆ ಗೊತ್ತು. ಆಮೇಲೆ ಒಳಗೆ ಕರಪತ್ರ ಹೋಯಿತು. ಇವರ ಕಾನೂನಿನ ಅನ್ನ ಬೇಡ ಎಂದು ತಟ್ಟೆ ತಳ್ಳಿದ ವೀರ ಎಂದು ಅಚ್ಚಾದ ಮೇಲೆ, ನನ್ನ ಲಿಂಗ ಕೊಡಿ, ಉಣ್ಣುತ್ತೇನೆ ಎಂದು ಅವನು ಯಾವ ಬಾಯಿಂದ ಕೇಳಬೇಕು? ಅವನ ಬಾಯಿ ಕಟ್ಟಿದ್ದು ಗೂಳಪ್ಪನ ಚೆಂದದ ಬರಹ.

ಜೈಲಿನ ಡಾಕ್ಟರು ಇನ್ನು ಮೂರು ದಿನ ತಡೆದರೆ ಹೆಚ್ಚು ಎಂದಿದ್ದರು. ಜೈಲಿನೊಳಗೆ ಅವನಿಗೆ ಲಿಂಗ ಕೊಡಿಸಬೇಕೆಂದು ವಕೀಲರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಲು ಸಿದ್ಧರಿದ್ದರು. ಆದರೆ ಮಂಗಳವಾರದ ಒಳಗೆ ಆಗಬೇಕು, ಬುಧವಾರದಿಂದ ಕೋರ್ಟಿಗೆ ಕ್ರಿಸ್‌ಮಸ್ ರಜೆ. ಪಟ್ಟಿಯಲ್ಲಿ ಲಿಂಗವಿಲ್ಲ, ಕೈದಿ ಬಾಯಿ ಬಿಡುತ್ತಿಲ್ಲ, ಕಮ್ಯುನಿಸ್ಟನ ಕೊರಳಲ್ಲಿ ಲಿಂಗವಿತ್ತೆಂದರೆ ಯಾರು ನಂಬುತ್ತಾರೆ? ಹೆಂಡತಿಯೂ ಎರಡು ತಿಂಗಳಿಂದ ಅವನನ್ನು ನೋಡಿಲ್ಲ. ಹಿಡಿದ ದಿನ ಬೆಳಿಗ್ಗೆ ಅದು ಅವನ ಮೈಮೇಲಿತ್ತು ಎಂದು ಕಣ್ಣಾರೆ ಕಂಡವರು ಕೋರ್ಟಿಗೆ ಬಂದು ಹೇಳಬೇಕು. ಹಾಗೆ ಕಂಡವನು ಒಬ್ಬನೇ, ಅವನ ಮೇಲೆ ವಾರಂಟು ಇತ್ತು.

“ನೀ ಹೇಳಿದ್ರ ಉಳೀತಾರ, ಇಲ್ಲಂದ್ರ ಇಲ್ಲ,” ಎಂದು ಸುಶೀಲವ್ವ ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಗೂಳಪ್ಪನಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು.

ಹಾಗಂತ ಅವನು ಎದ್ದು ನೆಟ್ಟಗೆ ಹಳಿಯಾಳಕ್ಕೆ ಓಡಲಿಲ್ಲ. ಪಕ್ಷದ ಶಿಸ್ತು ಅವನ ರಕ್ತದಲ್ಲಿತ್ತು. ಮರುದಿನ ಮುಂಡಗೋಡದ ಸಂತೆ. ಗುಂಪಿನ ಮುಖಂಡ ಮುದಕಪ್ಪ ಸಂತೆಯ ದಿನ ಅಲ್ಲಿಗೆ ಬರುವವನು. ಗೂಳಪ್ಪ ತಲೆಗೆ ರುಮಾಲು ಸುತ್ತಿ, ಬಿದಿರಿನ ಲಾರಿಯೊಂದರ ಮೇಲೆ ಕೂತು, ನಡುವೆ ಎರಡು ಬಸ್ಸು ಬದಲಿಸಿ ಮುಂಡಗೋಡ ಮುಟ್ಟಿದ. ದಾರಿಯುದ್ದಕ್ಕೂ ಪ್ರತಿ ಖಾಕಿ ಅಂಗಿಯೂ ತನ್ನನ್ನೇ ನೋಡುತ್ತಿದೆ ಅನಿಸುತ್ತಿತ್ತು. ಅವುಗಳಲ್ಲಿ ಅರ್ಧ ಬಸ್ ಕಂಡಕ್ಟರರವು.

ಮುದಕಪ್ಪ ಅಕ್ಕಿ ಚೀಲಗಳ ಸಾಲಿನ ಹಿಂದೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಒಂದು ಕಾಲಕ್ಕೆ ಶಾಲೆಯ ಮಾಸ್ತರ, ಕೆಲಸದಿಂದ ತೆಗೆದ ಮೇಲೆ ಊರೂರು ಅಲೆದು ಬಡಕಲಾದವನು. ಗೂಳಪ್ಪ ಪಕ್ಕದಲ್ಲಿ ಕೂತು, ಅಕ್ಕಿ ಕೈಗೆ ತೆಗೆದು ನೋಡುವವನಂತೆ ನಟಿಸುತ್ತ, ಸಮಿತಿಯ ಅರ್ಜಿಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅಪ್ಪಣೆ ಬೇಕು ಎಂದ. ಮುದಕಪ್ಪ ಸಿಟ್ಟಾಗಲಿಲ್ಲ. ತನ್ನ ತಮ್ಮನ ಕಥೆ ಹೇಳಿದ. ಅವನನ್ನೂ ಇಂಥದ್ದೇ ಒಂದು ಸಮಿತಿ ಜೈಲಿನಿಂದ ಬಿಡಿಸಿಕೊಂಡು ಬಂತು, ಇನ್ನು ಮುಂದೆ ಯಾವ ಚಳವಳಿಗೂ ಹೋಗುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಟ್ಟು. ಸಮಿತಿಯವರು ಅದನ್ನು ದೊಡ್ಡ ಗೆಲುವು ಎಂದು ಬರೆದುಕೊಂಡರು. ತಮ್ಮ ಈಗ ಅದೇ ಗುತ್ತಿಗೆದಾರನ ಹತ್ತಿರ ಗುಮಾಸ್ತನಾಗಿದ್ದಾನೆ, ಅಣ್ಣ ಎದುರಿಗೆ ಬಂದರೆ ಓಣಿ ಬದಲಿಸುತ್ತಾನೆ.

“ನಾವು ಕೆಳಗ ಬಿದ್ದಾಗ ಅವ್ರು ಓಡಿ ಬರ್ತಾರ ಗೂಳಪ್ಪ,” ಎಂದ ಮುದಕಪ್ಪ. “ಎದ್ದು ನಿಂತ್ವಿ ಅಂದ್ರ ಕಾನೂನಿನ ಪುಸ್ತಕ ತಗೀತಾರ. ನಮ್ಮನ್ನ ಮನಷಾರು ಅಂತ ಒಪ್ಪಾಕ ಅವ್ರಿಗೆ ನಾವು ಬಿದ್ದಿರಬೇಕು.”

ಆ ಮಾತು ನಿಜವೆಂದು ಗೂಳಪ್ಪನಿಗೆ ಅಂದೂ ಅನಿಸಿತು. ಆದರೂ ಲಿಂಗದ ಸಂಗತಿ ಹೇಳಿದ. ಈಶಪ್ಪ ಮಾಡುತ್ತಿರುವುದು ಸತ್ಯಾಗ್ರಹವಲ್ಲ, ಅವನ ಕೊರಳು ಬರಿದಾಗಿದೆ, ಅದಕ್ಕೆ ಉಣ್ಣುತ್ತಿಲ್ಲ, ನಮ್ಮ ಕರಪತ್ರ ಓದಿ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಎಲ್ಲ ಹೇಳಿದ. ಇದನ್ನು ಕೇಳಿದ ಮೇಲೆ ಮುದಕಪ್ಪ ಎದ್ದು ನಿಂತು, ಹೋಗು, ಉಳಿಸು ಎನ್ನುತ್ತಾನೆಂದು ಅವನು ನಂಬಿದ್ದ. ಮುದಕಪ್ಪ ಮಂಡಕ್ಕಿಯ ಕಾಗದವನ್ನು ನಿಧಾನಕ್ಕೆ ಮಡಚಿದ.

“ಇದು ಯಾರ್‍ಯಾರಿಗೆ ಗೊತ್ತೈತಿ?” ಎಂದು ಕೇಳಿದ.

ಗೂಳಪ್ಪ ಹೆಸರು ಹೇಳಿದ. ಹೆಂಡತಿ, ವಕೀಲರು, ತಾನು.

“ಇನ್ನೊಬ್ಬರಿಗೆ ಗೊತ್ತಾಗೂದು ಬ್ಯಾಡ. ನಲವತ್ತು ಹಳ್ಳಿ ಅವನ ಹೆಸರ ಹೇಳಾಕತ್ತಾವು. ಅಂವ ಯಾತಕ್ಕ ಸತ್ತ ಅನ್ನೂದು ನಾವು ಬರದಂಗ ಇರತೈತಿ.”

ಸಂತೆಯ ಗದ್ದಲದಲ್ಲಿ ಗೂಳಪ್ಪ ಆ ಮಾತನ್ನು ಸ್ಪಷ್ಟವಾಗಿ ಕೇಳಿದ. ಮುದಕಪ್ಪ ಕೆಟ್ಟವನಲ್ಲ. ತನ್ನ ಪಾಲಿನ ರೊಟ್ಟಿಯನ್ನು ಕೂಲಿಕಾರರ ಮಕ್ಕಳಿಗೆ ಕೊಟ್ಟು ಉಪವಾಸ ಮಲಗಿದ್ದನ್ನು ಗೂಳಪ್ಪ ಎಷ್ಟೋ ಸಲ ನೋಡಿದ್ದ. ಅಂಥವನ ಬಾಯಲ್ಲಿ ಈಶಪ್ಪ ಸತ್ತ ಎಂಬುದು ಆಗಲೇ ಆಗಿಹೋದ ಸಂಗತಿಯಂತೆ ಬಂತು. ಗೂಳಪ್ಪ ಎದ್ದು, ಕೈಯಲ್ಲಿದ್ದ ಅಕ್ಕಿಯನ್ನು ಚೀಲಕ್ಕೆ ಹಾಕಿ, ಬಸ್ ನಿಲ್ಲುವಲ್ಲಿಗೆ ನಡೆದ. ಮುದಕಪ್ಪ ಹಿಂದಿನಿಂದ ಅವನ ಹೆಸರು ಹಿಡಿದು ಒಮ್ಮೆ ಕರೆದ, ಎರಡನೆಯ ಸಲ ಕರೆಯಲಿಲ್ಲ.

ಕಲಘಟಗಿಯಲ್ಲಿ ಬಸ್ಸು ತಪ್ಪಿತು. ಅಲ್ಲಿಯ ಒಂದು ಗಾಣದ ಮನೆಯ ಜಗಲಿಯಲ್ಲಿ ಹೊತ್ತು ಕಳೆದು ಬೆಳಗಿನ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋದ. ಚನಬಸಪ್ಪ ವಕೀಲರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಕರೀ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಭತ್ತದ ವ್ಯಾಪಾರದ ಮನೆತನ, ದಪ್ಪ ದೇಹ, ಮೆಲು ಮಾತು. ಇವನನ್ನು ಕಂಡು ಬೆಚ್ಚಲಿಲ್ಲ. ಒಳಗೆ ಕರೆದು ಕೂರಿಸಿ, ಆಗಲೇ ಬರೆದಿಟ್ಟಿದ್ದ ಅರ್ಜಿಯನ್ನು ಓದಿದರು.

ಅದರಲ್ಲಿ ಈಶಪ್ಪ ‘ಮುಗ್ಧ, ಧರ್ಮಭೀರು, ಅನ್ಯರ ಪ್ರಚೋದನೆಗೆ ಒಳಗಾದವನು’ ಎಂದಿತ್ತು. ಗೂಳಪ್ಪ ಅಲ್ಲಿಗೆ ಕೈ ಎತ್ತಿ ತಡೆದ.

“ಅದನ್ನ ಹೊಡದ ಹಾಕ್ರಿ ವಕೀಲರ. ಅಂವ ಯಾರ ಮಾತಿಗೂ ಬಿದ್ದಾಂವಲ್ಲ. ತಿಳಿದ ಕೂತಾಂವ.”

ಮ್ಯಾಜಿಸ್ಟ್ರೇಟರ ಮನಸ್ಸು ಕರಗಲು ಆ ಸಾಲು ಬೇಕು, ಅದಿಲ್ಲದಿದ್ದರೆ ಅರ್ಜಿಯ ಕಾಲು ಮುರಿದಂತೆ ಎಂದು ವಕೀಲರು ವಾದಿಸಿದರು. ಅದೊಂದು ಸಾಲಿಗಾಗಿಯೇ ನಿಮ್ಮಂಥವರ ಕಡೆ ನಾವು ಬರುವುದಿಲ್ಲ ಎಂದು ಗೂಳಪ್ಪ ಹೇಳಿದ. ಮನುಷ್ಯನನ್ನು ಉಳಿಸಲು ಮೊದಲು ಅವನನ್ನು ಹುಚ್ಚನನ್ನಾಗಿ ಮಾಡಬೇಕೇ ಎಂದು ಕೇಳಿದ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ವಕೀಲರು ಪೆನ್ನಿನ ಮುಚ್ಚಳ ತೆಗೆದು ಆ ಸಾಲು ಹೊಡೆದು ಹಾಕಿದರು. ಆಮೇಲೆ ಪೆನ್ನು ಮುಚ್ಚದೆಯೇ, ಹಳೆಯ ವಿಷಯ ಒಂದು ಹೇಳಬೇಕು ಎಂದರು.

“ಮೌಳಂಗಿಯ ಮೊದಲನೇ ಕಲ್ಲು ನಿಮ್ಮದು ಅಂತ ನಮಗ ಇಬ್ರು ಹೇಳಿದ್ರು. ನಿಮ್ಮ ಹೆಸರು ನಾ ಬರೀಲಿಲ್ಲ. ಸುಳ್ಳೂ ಬರೀಬಾರ್ದು, ಒಬ್ಬನ್ನ ಹಿಡಿದೂ ಕೊಡಬಾರ್ದು ಅಂತ. ನೀವು ಉಳದ್ರಿ, ಮೂರು ಮಂದಿ ಹೋದ್ರು. ಅದು ನನಗ ಇನ್ನೂ ಚುಚ್ಚತೈತಿ.”

ಎರಡು ವರ್ಷ ಯಾರನ್ನು ಬೈದುಕೊಂಡು ಬದುಕಿದ್ದನೋ ಆ ಮನುಷ್ಯನಿಗೆ ತನ್ನ ಗುಟ್ಟು ಅಷ್ಟೂ ದಿನ ಗೊತ್ತಿತ್ತು. ಗೂಳಪ್ಪ, ನಾಳೆ ಮತ್ತೆ ನಮ್ಮ ಕಡೆಯಿಂದ ಕಲ್ಲು ಬಂದರೆ ಮತ್ತೆ ಬರೆಯುತ್ತೀರಾ ಎಂದು ಕೇಳಿದ. ಕಂಡರೆ ಬರೆಯುತ್ತೇನೆ ಎಂದರು ವಕೀಲರು. ಹಾಗಾದರೆ ನಾವು ನಿಮ್ಮನ್ನು ಬೈಯುವುದೂ ನಿಲ್ಲುವುದಿಲ್ಲ ಎಂದ ಗೂಳಪ್ಪ. ವಕೀಲರು ತಲೆಯಾಡಿಸಿ, ಕೋರ್ಟಿನೊಳಗೆ ಕಾಲಿಟ್ಟರೆ ಹೊರಗೆ ಬರುವಾಗ ನಿಮ್ಮ ಕೈಗೆ ಕೋಳ ಬೀಳುತ್ತದೆ, ಅದನ್ನು ತಡೆಯುವುದು ನನ್ನಿಂದಾಗದು ಎಂದು ಕೊಡೆ ಎತ್ತಿಕೊಂಡರು. ಇಬ್ಬರೂ ಬೀದಿಯ ಎರಡು ಬದಿ ಹಿಡಿದು ಕೋರ್ಟಿಗೆ ನಡೆದರು.

ಕಟಕಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಲು ಹೇಳಿದಾಗ ಗೂಳಪ್ಪ ಒಪ್ಪಲಿಲ್ಲ, ಸತ್ಯ ಹೇಳುತ್ತೇನೆ ಎಂದಷ್ಟೇ ಹೇಳಿದ. ಸರಕಾರಿ ವಕೀಲನಿಗೆ ಅದೇ ಬೇಕಾಗಿತ್ತು. ದೇವರಿಲ್ಲವೆನ್ನುವವನು ಬಂದು ಇನ್ನೊಬ್ಬ ದೇವರಿಲ್ಲದವನ ಲಿಂಗಕ್ಕೆ ಸಾಕ್ಷಿ ಹೇಳುತ್ತಿದ್ದಾನೆ, ಇದು ಜೈಲಿನವರ ಮೇಲೆ ಗೂಬೆ ಕೂರಿಸುವ ನಾಟಕ ಎಂದು ಅವನು ಕುಣಿದ. ಅದನ್ನು ಕಂಡದ್ದು ಹೇಗೆ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

“ದಿನಾ ಮುಂಜಾನೆ ಅಂವ ಪೂಜಾ ಮಾಡೂ ಮುಂದ ನಾ ಗ್ವಾಡಿ ಕಡೆ ತಿರಗಿ ನಿದ್ದಿ ಬಂದಾಂಗ ಮಲಗಿರ್ತಿದ್ನಿರಿ,” ಎಂದ ಗೂಳಪ್ಪ. “ಹಿಡಿದ ದಿನಾನೂ ಪೂಜಾ ಮಾಡ್ಯಾನ. ಕರಡಿಗಿ ಮುಚ್ಚಿದ ಸಪ್ಪಳ ಕೇಳಿ ನಾ ಹೊರಳಿದ್ನಿ. ಕೊಳ್ಳಾಗ ಹಾಕ್ಕೊಳ್ಳೂದು ಕಂಡೀನಿ. ಆಮ್ಯಾಲ ನಾಯಿ ಬೊಗಳಿದ್ವು, ಪೊಲೀಸರು ಬಂದ್ರು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರಕಾರಿ ವಕೀಲ ಗೂಳಪ್ಪನ ಕರಪತ್ರವನ್ನೇ ಎತ್ತಿ ಹಿಡಿದು, ಈಶಪ್ಪ ಕಾನೂನಿನ ವಿರುದ್ಧ ಉಪವಾಸ ಮಾಡುತ್ತಿದ್ದಾನೆಂದು ಇಲ್ಲಿ ಬರೆದಿದೆ, ಇದನ್ನು ಬರೆದವರಾರು ಎಂದ. ಕೋರ್ಟಿನ ಬಾಗಿಲ ಹತ್ತಿರ ಸುಶೀಲವ್ವ ನಿಂತಿದ್ದಳು, ಅವಳ ಹಿಂದೆ ಬಿದಿರು ಕಡಿಯುವ ನಾಲ್ಕಾರು ಜನ, ಕರಪತ್ರ ಓದಿಸಿಕೊಂಡು ಕೇಳಿದವರು. ಗೂಳಪ್ಪ ಅವರನ್ನು ನೋಡಿದ. ಇಷ್ಟು ವರ್ಷ ಅವರೆದುರಿಗೆ ಅವನು ನನ್ನದು ತಪ್ಪಾಯಿತು ಎಂದು ಹೇಳಿದವನಲ್ಲ.

“ನಾ ಬರದದ್ರಿ,” ಎಂದ.

“ಅವನನ್ನು ಕೇಳಿ ಬರೆದಿರೇನು?” ಎಂದರು ಮ್ಯಾಜಿಸ್ಟ್ರೇಟರು.

“ಇಲ್ರಿ. ಕೇಳಲಿಲ್ಲ.”

ಮ್ಯಾಜಿಸ್ಟ್ರೇಟರು ಕನ್ನಡಕ ಒರೆಸಿಕೊಂಡು, ಕೈದಿಗೆ ಅವನ ಪದ್ಧತಿಯಂತೆ ಲಿಂಗ ಕೊಡಿಸಲು ಅಯ್ಯನವರನ್ನು ಒಳಗೆ ಬಿಡತಕ್ಕದ್ದು, ಕಳೆದುಹೋದ ಕರಡಿಗೆಯ ಬಗ್ಗೆ ವಿಚಾರಣೆ ಆಗತಕ್ಕದ್ದು ಎಂದು ಬರೆಸಿದರು. ಮೆಟ್ಟಿಲ ಮೇಲೆ ಪೊಲೀಸರು ಕಾದಿದ್ದರು. ಗೂಳಪ್ಪ ತಾನಾಗಿಯೇ ಕೈ ಚಾಚಿದ.

ಅವನನ್ನು ಅದೇ ಸಬ್‌ಜೈಲಿಗೆ ತಂದಾಗ ಸಂಜೆಯಾಗಿತ್ತು. ಆದೇಶದ ಕಾಗದ ಅವನ ಹಿಂದೆಯೇ ಬಂತು. ಬಾಗಿಲು ಮುಚ್ಚುವ ಹೊತ್ತಾಯಿತು, ಅಯ್ಯನವರು ಬೆಳಿಗ್ಗೆ ಬರಲಿ ಎಂದು ಜೈಲರ್ ಹೇಳಿದ. ಇರುವುದು ಎರಡೇ ಕೋಣೆ, ಹಾಗಾಗಿ ಗೂಳಪ್ಪನನ್ನು ಈಶಪ್ಪನ ಕೋಣೆಗೇ ದೂಡಿದರು. ಈಶಪ್ಪ ಚಾಪೆಯ ಮೇಲೆ ಬಿದ್ದಿದ್ದ. ಕೆನ್ನೆ ಒಳಗೆ ಹೋಗಿ, ಗಂಟಲ ಎಲುಬು ಎದ್ದು, ಅಂಗಿಯ ಒಳಗೆ ಮೈಯೇ ಇಲ್ಲದಂತಿದ್ದ. ಇವನನ್ನು ಗುರುತು ಹಿಡಿದು ಕಣ್ಣು ತೆರೆದ, ಮತ್ತೆ ಮುಚ್ಚಿದ. ಕೋರ್ಟಿನಲ್ಲಿ ನಡೆದದ್ದನ್ನು ಅವನಿಗೆ ತಿಳಿಸದೆ ಗೂಳಪ್ಪ ಎದುರಿನ ಗೋಡೆಗೆ ತನ್ನ ಚಾಪೆ ಹಾಸಿಕೊಂಡು, ಈಶಪ್ಪನ ಉಸಿರು ನಡೆಯುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟುಕೊಂಡೇ ಬಿದ್ದಿದ್ದ.

ಬೆಳಕು ಹರಿಯುವ ಮೊದಲೇ ಬಾಗಿಲ ಚಿಲಕ ಸರಿಯಿತು. ಬಸಲಿಂಗಯ್ಯನವರು ಬಂದರು, ತಲೆ ನಡುಗುವ ಮುದುಕರು. ತಂಬಿಗೆಯಲ್ಲಿ ನೀರು, ಬಾಳೆ ಎಲೆಯಲ್ಲಿ ಬಿಲ್ವಪತ್ರೆ, ಬಿಳಿ ಅರಿವೆಯಲ್ಲಿ ಲಿಂಗ. ಚಾಪೆಯ ಮುಂದೆ ಕೂತು ಈಶಪ್ಪನನ್ನು ಮೆಲ್ಲಗೆ ಎಬ್ಬಿಸಿ ಗೋಡೆಗೆ ಒರಗಿಸಿದರು. ಹಣೆಗೆ ವಿಭೂತಿ ಹಚ್ಚಿ, ಕೈ ಚಾಚಪ್ಪ ಎಂದರು.

ಈಶಪ್ಪ ಕೈ ಚಾಚಲಿಲ್ಲ. ಅವನ ಬಲಗೈ ಚಾಪೆಯ ಕೆಳಗೆ ಹೋಗಿ ಮಡಚಿದ ಒಂದು ಕಾಗದವನ್ನು ಹಿಡಿಯಿತು. ಗೂಳಪ್ಪನ ಕರಪತ್ರ, ಬೆವರಿಗೆ ಮೆತ್ತಗಾಗಿತ್ತು. ಅಯ್ಯನವರು ಮತ್ತೊಮ್ಮೆ ಕರೆದರು. ಅವನು ಕಾಗದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಗೂಳಪ್ಪ ಮಲಗಿದ್ದ ಕಡೆ ನೋಡಿದ.

ಇತ್ತ ಗೂಳಪ್ಪ ಏನು ಮಾಡಿದ್ದನೆಂದರೆ, ಚಿಲಕದ ಸಪ್ಪಳ ಕೇಳಿದೊಡನೆ ತನಗೇ ಗೊತ್ತಿಲ್ಲದೆ ಗೋಡೆಯ ಕಡೆ ಹೊರಳಿ, ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿದ್ದ. ಏಳು ವರ್ಷದ ರೂಢಿ. ಗೋಡೆಯ ಸುಣ್ಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಿಂದಿನಿಂದ ಹನ್ನೆರಡು ದಿನ ಅನ್ನ ಕಾಣದ ದನಿ ಬಂತು.

“ಗೂಳಪ್ಪ. ನೀ ಎಚ್ಚರ ಇರ್ತಿದ್ದಿ ಅಂತ ನನಗ ಗೊತ್ತಿತ್ತೋ. ದಿನಾ ಗೊತ್ತಿತ್ತು. ಈಗರೆ ಈ ಕಡೆ ತಿರಗು.”

ಗೂಳಪ್ಪ ತಿರುಗಿದ. ಎದ್ದು ಕೂತ. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲಿಲ್ಲ. ಹತ್ತಿರ ಸರಿದು ಈಶಪ್ಪನ ಬೆರಳು ಬಿಡಿಸಿ ಆ ಕಾಗದ ತೆಗೆದುಕೊಂಡ, ಆ ಅಂಗೈಯನ್ನು ಕೆಳಗಿನಿಂದ ತನ್ನ ಕೈಯಿಂದ ಆನಿಸಿ ಹಿಡಿದ. ಅಯ್ಯನವರು ಅದರ ಮೇಲೆ ಲಿಂಗ ಇಟ್ಟರು.